ನನ್ನ ಮನೆಯಿಂದ ಹೊರಟ ಕಾನೂನು

ನಮ್ಮ ಊರಿನ ಹೆಣ್ಣುಮಕ್ಕಳ ಶಾಲೆಗೆ ನನ್ನ ಹೆಸರಿಡಬೇಕೆಂದು ಈಚೆಗೆ ನಾಲ್ಕಾರು ಜನ ಓಡಾಡುತ್ತಿದ್ದಾರೆ. ‘ಸುಧಾರಕ ಪಂಚಾಕ್ಷರಿ’ ಎಂದು ಬರೆಸುವುದಕ್ಕೆ ಹಲಗೆಯೂ ಬಣ್ಣವೂ ಬಂದಿವೆಯಂತೆ. ಬೇಡವೆಂದು ಹೇಳಿದೆ. ದೊಡ್ಡವರು ಬೇಡವೆನ್ನುವ ರೀತಿಯೇ ಹೀಗೆ ಎಂದುಕೊಂಡು ಅವರು ಇನ್ನಷ್ಟು ಹುರುಪಿನಿಂದ ಕೈ ಮುಗಿದರು. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳಿಬಿಡುತ್ತೇನೆ. ಕೇಳಿದ ಮೇಲೂ ಹಲಗೆ ಏರಿಸುವುದಾದರೆ ಅದು ಅವರ ಹಣೆಬರಹ.

ನಮ್ಮ ಊರಿಗೆ ಇರುವುದು ಒಂದೇ ಬೀದಿ. ಗುಡ್ಡದ ಬುಡದಲ್ಲಿ ಶುರುವಾಗಿ ಹೊಳೆಯ ದಂಡೆಯಲ್ಲಿ ಮುಗಿಯುತ್ತದೆ. ಗುಡ್ಡದ ಕಡೆಯ ಮೊದಲನೆಯ ಮನೆ ನನ್ನದು. ಹೊಳೆಯ ಕಡೆಯ ಕೊನೆಯದು ದೊಡ್ಡಮನೆ. ನಡುವೆ ಸಭೆಯ ಕಟ್ಟಡ. ಊರಿನಲ್ಲಿ ಪೊಲೀಸರಿಲ್ಲ, ಬೇಕಾಗಿಯೂ ಇಲ್ಲ. ಸಭೆಯಲ್ಲಿ ಒಂದು ಕಾನೂನು ಪಾಸಾದರೆ ಅದು ಸಂಜೆಯೊಳಗೆ ತನ್ನನ್ನು ಮಂಡಿಸಿದವನ ಮನೆಗೆ ಬಂದು ಸೇರುತ್ತದೆ. ಅಲ್ಲಿ ಕೆಲವು ದಿನ ಇದ್ದು, ಆ ಮನೆಯ ಹಿಡಿತ ಬಿಡದೆಯೇ ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿಂದ ಅದರ ಪಕ್ಕದ ಮನೆಗೆ. ಹೀಗೆ ಬೀದಿಯುದ್ದಕ್ಕೂ ನಡೆದು ಕೊನೆಯ ಮನೆಯನ್ನು ಮುಟ್ಟಿದರೆ ಅದು ಊರಿಗೆಲ್ಲ ಕಾಯಂ. ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ. ಮುಟ್ಟುವುದರೊಳಗೆ ಮಾತ್ರ, ಅದನ್ನು ಮಂಡಿಸಿದವನೇ ಸಭೆಯೊಳಗೆ ನಿಂತು ಕೇಳಿಕೊಂಡರೆ, ಸದಸ್ಯರು ಕೈ ಎತ್ತಿ ಹಿಂತೆಗೆಯಬಹುದು. ಎಲ್ಲ ಊರುಗಳಲ್ಲಿಯೂ ಹೀಗೆಯೇ ಇರುತ್ತದೆಂದು ನಾನು ಬಹಳ ದಿನ ತಿಳಿದಿದ್ದೆ.

ಆಗ ನನಗೆ ಮೈಕಿನ ಅಂಗಡಿಯಿತ್ತು. ಮದುವೆಗೆ, ಭಜನೆಗೆ, ಸಭೆಗೆ ಮೈಕು ಕಟ್ಟುವುದು ನನ್ನ ಕಸುಬು. ಒಂದು ದಿನ ದೊಡ್ಡಮನೆಯ ಇಂದುಧರಪ್ಪನವರು ಕಾರಿನಿಂದಿಳಿದು ನಮ್ಮ ಜಗಲಿಯ ಮೇಲೆ ಕೂತರು. ಅವರ ತಾತ ಸಭೆಯ ಅಧ್ಯಕ್ಷರಾಗಿದ್ದವರು, ಅಪ್ಪ ಅಧ್ಯಕ್ಷರಾಗಿದ್ದವರು, ಈಗ ಅವರೇ ಅಧ್ಯಕ್ಷರು.

“ಪಂಚಾಕ್ಷರಿ, ಊರಿಗೆ ಸುಧಾರಣೆ ಬೇಕಪ್ಪ. ನೀನು ಸಭೆಗೆ ನಿಂತ್ಕೋ. ನಿನ್ನ ಮನೆ ಒಳ್ಳೇ ಜಾಗದಲ್ಲಿದೆ” ಎಂದರು.

ನನ್ನ ಪ್ರಾಮಾಣಿಕತೆಯನ್ನೇ ಹೀಗೆ ಬೇರೆ ಮಾತಿನಲ್ಲಿ ಹೇಳುತ್ತಿದ್ದಾರೆಂದು ನಾನು ಉಬ್ಬಿಹೋದೆ. ಅವರು ಹೋದ ಮೇಲೆ ನನ್ನ ಹೆಂಡತಿ ದಾಕ್ಷಾಯಿಣಿ ಲೋಟ ಎತ್ತುತ್ತಾ, “ಅವರು ಹೊಗಳಿದ್ದು ಮನೇನ. ನಿಮ್ಮನ್ನಲ್ಲ” ಎಂದಳು. ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವಳು ಹೇಳಿದ್ದು ಸರಿಯೆಂದು ತಿಳಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ನನ್ನ ಮನೆಯಿಂದ ಹೊರಟ ಕಾನೂನು ದೊಡ್ಡಮನೆಯನ್ನು ಮುಟ್ಟಬೇಕಾದರೆ ಇಡೀ ಊರನ್ನು ದಾಟಬೇಕು. ಅಷ್ಟರಲ್ಲಿ ಅರ್ಧ ಊರು ಸುಧಾರಿಸಿರುತ್ತದೆ, ಹೊರಗಿನವರು ಬಂದು ನೋಡಿ ಭೇಷ್ ಎಂದಿರುತ್ತಾರೆ. ಆಗ ನಾನು ಸಭೆಯಲ್ಲಿ ಎದ್ದು ‘ಜನರ ಕಷ್ಟವನ್ನು ಮನಗಂಡು’ ಅದನ್ನು ಹಿಂತೆಗೆದುಕೊಳ್ಳಬೇಕು. ಇಂದುಧರಪ್ಪನವರು ನನಗೊಂದು ಶಾಲು ಹೊದಿಸುತ್ತಾರೆ. ನನಗಿಂತ ಹಿಂದೆ ಗುಡ್ಡದ ಕಡೆಯಿಂದ ಆರಿಸಿಹೋದವರೆಲ್ಲ ಮಾಡಿದ ದೇಶಸೇವೆ ಇದೇ. ನಾನೂ ಸಂಪ್ರದಾಯ ಮುರಿಯಲಿಲ್ಲ.

ನನ್ನ ಮೊದಲ ಕಾನೂನು ಊರಿನಲ್ಲೆಲ್ಲೂ ಉಗುಳಬಾರದೆಂಬುದು. ಅದು ಪಾಸಾದ ದಿನವೇ ನನ್ನ ಮಾವ ಊರಿನಿಂದ ಬಂದಿದ್ದರು. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಕಾನೂನು ಬಂತು. ಉಗುಳಲು ಹೋದರೆ ತುಟಿಯೇ ತೆರೆಯದು. ನುಂಗುವುದಕ್ಕೆ ಹೊಗೆಸೊಪ್ಪು ಬಿಡದು. ಪಾಪ, ಸಂಜೆಯವರೆಗೂ ಕಣ್ಣಲ್ಲಿ ನೀರು ತುಂಬಿಕೊಂಡು ಕೈಸನ್ನೆಯಲ್ಲೇ ನನ್ನನ್ನು ಬೈದರು. ಪಕ್ಕದ ಮನೆಯವರು ತಮಗೆ ಮುಂದೆ ಏನು ಕಾದಿದೆಯೆಂದು ತಿಳಿಯಲು ಸಾಲಾಗಿ ಬಂದು ಅವರನ್ನು ನೋಡಿಹೋದರು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ಅಂದು ಎಷ್ಟು ಜನ ಹೇಳಿದರೋ. ನಾನು ಅದರಲ್ಲಿ ‘ಉಪಕಾರಿ’ಯನ್ನಷ್ಟೇ ಕೇಳಿಸಿಕೊಂಡೆ.

ಇನ್ನೊಮ್ಮೆ, ಸಭೆಯ ಕಚೇರಿಯಲ್ಲಿ ಜನ ಕೇಳಿದ್ದಕ್ಕೆ ಉತ್ತರವೇ ಸಿಗುವುದಿಲ್ಲವೆಂದು ದೂರು ಬಂತು. ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಮುಚ್ಚಿಡಕೂಡದು ಎಂದು ಕಾನೂನು ತಂದೆ. ಗುಮಾಸ್ತರು ಬೆವರುವುದನ್ನು ಕಲ್ಪಿಸಿಕೊಂಡು ನಗುತ್ತಾ ಮನೆಗೆ ಬಂದು ಊಟಕ್ಕೆ ಕೂತೆ. ದಾಕ್ಷಾಯಿಣಿ ಅನ್ನ ಬಡಿಸುತ್ತಾ, “ಅಲ್ಲಾ, ನನ್ನ ತಮ್ಮನ ಮದುವೆಗೆ ಬರಲಿಲ್ವಲ್ಲ, ಅವತ್ತು ನಿಜವಾಗಲೂ ಜ್ವರ ಬಂದಿತ್ತಾ?” ಎಂದಳು. “ಇಲ್ಲ, ಇಸ್ಪೀಟಾಡ್ತಿದ್ದೆ” ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. ಅವಳು ಸೌಟನ್ನು ಕೆಳಗಿಟ್ಟು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ಮದುವೆಯಾದಂದಿನಿಂದ ಕೂಡಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಬಂದವು. ಅನ್ನ ಆರಿ ಅಗಳು ಅಗಳಾಯಿತು.

ಆ ಕಾನೂನು ಸಭೆಯ ಕಟ್ಟಡದ ಹತ್ತಿರಕ್ಕೆ ಬರುವಷ್ಟರಲ್ಲಿ ಬೀದಿಯ ಗಂಡಸರೆಲ್ಲ ನನ್ನ ಕಾಲು ಹಿಡಿದರು. ಇಂದುಧರಪ್ಪನವರು ಶಾಲು ಸಿದ್ಧ ಮಾಡಿಸಿದರು. ಹಿಂತೆಗೆದುಕೊಂಡು ಮನೆಗೆ ಬಂದರೆ ದಾಕ್ಷಾಯಿಣಿ ಶಾಲಿನ ಕಡೆಗೆ ನೋಡಲೂ ಇಲ್ಲ.

“ಇನ್ನು ನಾಲ್ಕು ಮನೆ ಹೋಗಿದ್ರೆ ಕಚೇರಿಗೇ ಬರ್ತಿತ್ತು. ಪಂಪಿನ ಕೀಲಿಕೈ ಯಾರ ಹತ್ರ ಇದೆ, ನೀರು ಯಾಕೆ ಬಿಡಲ್ಲ ಅಂತ ಆ ಜನರ ಬಾಯಲ್ಲೇ ಕೇಳಬಹುದಿತ್ತು. ಅರ್ಧ ದಾರೀಲಿ ಇಳಿಯೋದಾದ್ರೆ ನೀವು ಬಸ್ಸು ಹತ್ತೋದಾದ್ರೂ ಯಾಕೆ?” ಎಂದಳು.

ಊರಿಗೆ ನೀರೆತ್ತುವ ಪಂಪು ದೊಡ್ಡಮನೆಯ ಹಿತ್ತಿಲಿನಲ್ಲಿತ್ತು. ಅಧ್ಯಕ್ಷರ ಕುರ್ಚಿ ಯಾರದೋ ಪಂಪಿನ ಕೀಲಿಯೂ ಅವರದೇ. ಹೊಳೆಯ ಕಡೆ ಹಿತ್ತಿಲಿನ ದಾಸವಾಳಕ್ಕೂ ನೀರು, ನಮ್ಮ ಕಡೆ ವಾರಕ್ಕೊಂದು ಸಲ ನಲ್ಲಿ ಗೊರಗೊರ ಎಂದರೆ ಅದೇ ಹಬ್ಬ. ಇದನ್ನು ಕೇಳಲು ಬಂದವರ ಅಹವಾಲು ಕೇಳುತ್ತಿದ್ದವಳು, ಅವರನ್ನು ಕರೆದುಕೊಂಡು ಕಚೇರಿಗೆ ಅಲೆಯುತ್ತಿದ್ದವಳು ದಾಕ್ಷಾಯಿಣಿ. ನಾನು ಅವಳು ಹೇಳಿಕೊಟ್ಟದ್ದನ್ನು ಸಭೆಯಲ್ಲಿ ನನ್ನದೆನ್ನುವಂತೆ ಹೇಳಿ, ಮೇಜು ಕುಟ್ಟಿ, ಆಮೇಲೆ ಸುಮ್ಮನಾಗುತ್ತಿದ್ದೆ. ಒಂದು ದಿನ ಅವಳು, “ಮುಂದಿನ ಸಲ ನಾನೇ ನಿಂತ್ಕೊಳ್ತೀನಿ. ಆ ನೀರು ಈ ತುದಿಗೆ ಬರೋವರೆಗೂ ನಾನು ಏಳಲ್ಲ” ಎಂದಳು. “ಧಾರಾಳವಾಗಿ ನಿಂತ್ಕೋ. ನನಗೂ ಸಾಕಾಗಿದೆ” ಎಂದು ಮಾತು ಕೊಟ್ಟೆ. ಸಾಕೇನೂ ಆಗಿರಲಿಲ್ಲ.

ಚುನಾವಣೆ ಹತ್ತಿರ ಬಂತು. ಸಭೆಯ ಕೊನೆಯ ಬೈಠಕ್ಕಿನಲ್ಲಿ ಇಂದುಧರಪ್ಪನವರು, ತಮಗೆ ಮಂಡಿನೋವು ಹೆಚ್ಚಾಗಿದೆಯೆಂದೂ ಮುಂದಿನ ಅಧ್ಯಕ್ಷನಾಗಿ ತಮ್ಮ ಮಗ ಶಶಿಭೂಷಣ ಕೂರುವನೆಂದೂ ಹೇಳಿದರು. ಕೇಳಿದ್ದಲ್ಲ, ಹೇಳಿದರು. ಶಶಿಭೂಷಣ ಅಲ್ಲೇ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಒಂದು ಸಿಪ್ಪೆ ಹಾರಿ ಬಂದು ನನ್ನ ಶಾಲಿನ ಮೇಲೆ ಬಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊರಿನ ಮೇಲಿನ ಪ್ರೀತಿಯಿಂದ ಬಂದ ಸಿಟ್ಟೆಂದು ಈಗ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದಾರಂತೆ. ಬಂದದ್ದು ಸಿಪ್ಪೆಯಿಂದ.

“ಸಭೆಯೇನು ತೊಟ್ಟಿಲೇ, ಒಂದು ಮಗು ಇಳಿದ ಮೇಲೆ ಇನ್ನೊಂದನ್ನು ಮಲಗಿಸೋದಕ್ಕೆ?” ಎಂದು ಕೂಗಿ, ಒಂದು ಮನೆಯವರು ಕೂತ ಮೇಲೆ ಅದೇ ಮನೆಯ ಇನ್ನೊಬ್ಬರು ಸಭೆಯ ಯಾವ ಕುರ್ಚಿಯಲ್ಲಿಯೂ ಕೂರಕೂಡದು ಎಂದು ಕಾನೂನು ಮಂಡಿಸಿಬಿಟ್ಟೆ. ಯಾರೂ ಕೈ ಎತ್ತಲಾರರು, ನನ್ನ ಹೆಸರು ಮಾತ್ರ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಇಂದುಧರಪ್ಪನವರು ನನ್ನನ್ನು ಒಂದು ಗಳಿಗೆ ನೋಡಿ, ಹೊಟ್ಟೆ ಕುಲುಕಿಸಿ ನಕ್ಕು, ತಾವೇ ಮೊದಲು ಕೈ ಎತ್ತಿದರು. ಅವರನ್ನು ನೋಡಿ ಎಲ್ಲರೂ ಎತ್ತಿದರು. ಏಕೆ ನಕ್ಕರೆಂದು ನನಗೆ ಹೊಳೆಯಲಿಲ್ಲ. ದಾಕ್ಷಾಯಿಣಿ ಚುನಾವಣೆಗೆ ನಿಲ್ಲುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ಅದನ್ನು ಮರೆತಿದ್ದವನು ನಾನೊಬ್ಬನೇ.

ಮರುದಿನದಿಂದ ಎರಡು ದಿನ ಕುರ್ಚಿ ಮುಟ್ಟುವುದು. ನಮ್ಮಲ್ಲಿ ಚುನಾವಣೆಗೆ ನಿಲ್ಲುವವರು ಮೊದಲು ಎಲ್ಲರೆದುರಿಗೆ ಸಭೆಯ ಕುರ್ಚಿಯಲ್ಲಿ ಒಮ್ಮೆ ಕೂತೇಳಬೇಕು. ದಾಕ್ಷಾಯಿಣಿ ಹಸಿರು ಅಂಚಿನ ಹೊಸ ಸೀರೆಯುಟ್ಟು, ಕುರ್ಚಿಗೆ ನಮಸ್ಕಾರ ಮಾಡಿ ಕೂತಳು. ನೋಡಿದರೆ ನಿಂತಿದ್ದಳು. ಮತ್ತೆ ಕೂತಳು, ಮತ್ತೆ ನಿಂತಿದ್ದಳು. ಯಾರೂ ಎಬ್ಬಿಸಲಿಲ್ಲ, ಅವಳು ಏಳಲೂ ಇಲ್ಲ. ಕೂತವಳು ನಿಂತಿರುತ್ತಿದ್ದಳು, ಅಷ್ಟೆ. ಹೊಳೆಯ ಕಡೆಯವರು ಸಿಳ್ಳೆ ಹಾಕಿದರು. ಅವಳು ನನ್ನ ಕಡೆ ತಿರುಗಿದಳು. ನಾನು ಮೈಕಿನ ತಂತಿಯಲ್ಲಿ ಏನೋ ದೋಷವಿದ್ದಂತೆ ಬಗ್ಗಿ ನೋಡತೊಡಗಿದೆ.

ಮನೆಗೆ ಬಂದು ನಾನೇ ಮೊದಲು ಹೇಳಿದೆ: “ನಾಳೆ ಹಿಂತೆಗೆದುಕೊಳ್ತೀನಿ ಬಿಡು. ಅಭ್ಯಾಸ ಇದೆ.”

ಅವಳು ಹೊಸ ಸೀರೆಯನ್ನು ಮಡಿಚಿಟ್ಟಳು. ಆಮೇಲೆ, “ಅವರು ಕೈ ಎತ್ತಿದ್ದೇ ಅದಕ್ಕೆ. ನೀವು ಹೆಂಡತಿಗೋಸ್ಕರ ಹಿಂತೆಗೆದುಕೊಂಡ್ರೆ ಇನ್ನು ಈ ಮಾತನ್ನ ಯಾರೂ ಎತ್ತಲ್ಲ. ಶಶಿಭೂಷಣ, ಅವನ ಮಗ, ಅವನ ಮೊಮ್ಮಗ... ಬೇಡ” ಎಂದಳು. ಮತ್ತೆ ಕೇಳಿದಳು: “ನಿಮ್ಮ ಕಾನೂನಿಗೆ ಮನೆ ಅಂದ್ರೆ ಏನು?”

“ಇನ್ನೇನು, ಒಂದೇ ಒಲೆ. ಒಂದು ಒಲೇಲಿ ಬೆಂದದ್ದನ್ನ ಉಣ್ಣೋರೆಲ್ಲ ಒಂದು ಮನೆ.”

ಅವಳು ಎದ್ದು ಅಡಿಗೆಮನೆಗೆ ಹೋದಳು. ಎರಡು ಪಾತ್ರೆ, ಒಂದು ಸೌಟು, ಹಳೆಯ ಸೀಮೆಎಣ್ಣೆ ಸ್ಟೌ ಹೊರಬಂದವು. ಎದುರುಮನೆ ಪುಟ್ಟತಾಯಮ್ಮನವರ ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿಯಿತ್ತು. ನಾನು ಬಾಗಿಲಲ್ಲಿ ನಿಂತು, “ಏನೇ ಇದು, ಜನ ಏನಂದಾರು?” ಎಂದೆ. “ಒಂದು ಕಾನೂನಾದರೂ ನಿಮ್ಮ ಮನೆಯಿಂದ ಹೊರಟು ಪೂರ್ತಿ ದಾರಿ ಹೋಯ್ತು ಅಂತಾರೆ” ಎಂದು ಸ್ಟೌ ಎತ್ತಿಕೊಂಡು ಬೀದಿ ದಾಟಿದಳು. ಮರುದಿನ ಹೋಗಿ ಕುರ್ಚಿಯಲ್ಲಿ ಕೂತಳು. ಕೂತೇ ಇದ್ದಳು.

ಅವಳ ಎದುರಿಗೆ ನಾನೂ ನಿಂತೆ. ಗೆದ್ದರೆ ಕಾನೂನನ್ನು ಹಿಂತೆಗೆದು ಅವಳನ್ನು ಮನೆಗೆ ಕರೆದುಕೊಳ್ಳಬಹುದೆಂದು ಎಲ್ಲರಿಗೂ ಹೇಳಿದೆ. ನಿಜವೇನೆಂದರೆ, ಗೆಲ್ಲುವುದು ನಾನೇ ಎಂದು ನನಗೆ ಅನುಮಾನವೇ ಇರಲಿಲ್ಲ. ಊರಿಗೆ ಮೈಕಿನ ಅಂಗಡಿ ಒಂದೇ. ಅವಳೂ ನನ್ನಲ್ಲಿಗೇ ಬಂದಳು. ನಾನೇ ತಂತಿ ಎಳೆದು, ನಾನೇ ಹಲೋ ಹಲೋ ಎಂದು ಪರೀಕ್ಷಿಸಿ ಅವಳ ಕೈಗೆ ಕೊಟ್ಟೆ. ಅವಳು ನಯವಾಗಿ ತೆಗೆದುಕೊಂಡು, “ಪಂಚಾಕ್ಷರಿಯವರು ಬಹಳ ಒಳ್ಳೆಯವರು. ಅವರಿಗೆ ಶಾಲು ಹೊದಿಸಿ. ಓಟು ನನಗೆ ಕೊಡಿ” ಎಂದಳು. ಜನ ಹಾಗೆಯೇ ಮಾಡಿದರು. ಶಾಲು ಮಾತ್ರ ಯಾರೂ ತರಲಿಲ್ಲ.

ನನಗೆ ಅಡಿಗೆ ಬರುತ್ತಿರಲಿಲ್ಲ. ಸೋತ ವಾರ ನಾನು ಬೇಯಿಸಿದ ಅನ್ನದ ವಾಸನೆಗೆ ಪುಟ್ಟತಾಯಮ್ಮ ತಮ್ಮ ಮನೆಯೇ ಹೊತ್ತಿಕೊಂಡಿತೆಂದು ಹೊರಗೆ ಓಡಿಬಂದರು. ಕರುಣೆಯಿಂದಲೋ ಅಭ್ಯಾಸಬಲದಿಂದಲೋ ದಾಕ್ಷಾಯಿಣಿ ಒಂದು ಬೆಳಿಗ್ಗೆ ಬಟ್ಟಲಲ್ಲಿ ಹುರುಳಿಕಾಳಿನ ಸಾರು ತಂದು ಜಗಲಿಯ ಮೇಲಿಟ್ಟು ಹೋದಳು. ಬಟ್ಟಲನ್ನು ನೆಕ್ಕುವವರೆಗೂ ತಿಂದೆ. ಅಂದು ಮಧ್ಯಾಹ್ನ ಸಭೆಯಲ್ಲಿ ಅವಳು ಕುರ್ಚಿಯಲ್ಲಿ ಕೂತು ಪಂಪಿನ ವಿಷಯ ಕೇಳುತ್ತಿದ್ದವಳು ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತಿದ್ದಳಂತೆ. ಒಂದೇ ಬಟ್ಟಲು ಸಾರಿಗೆ ನಾವು ಮತ್ತೆ ಒಂದು ಮನೆಯವರಾಗಿಬಿಟ್ಟಿದ್ದೆವು. ಆ ಸಾರು ಜೀರ್ಣವಾಗುವವರೆಗೂ ಅವಳು ನಿಂತೇ ಮಾತಾಡಿದಳು. ಆಮೇಲೆ ಅವಳು ಏನನ್ನೂ ಕಳಿಸಲಿಲ್ಲ, ನಾನೂ ಕೇಳಲಿಲ್ಲ. ಅವಳ ಒಗ್ಗರಣೆಯ ವಾಸನೆ ಬೀದಿ ದಾಟಿ ಬರುತ್ತಿತ್ತು. ಅದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ನಾನು ತಟ್ಟೆಯನ್ನು ಜಗಲಿಗೆ ತಂದು ಆ ವಾಸನೆಯ ಜೊತೆಗೆ ನನ್ನ ಸೀದ ಅನ್ನವನ್ನು ಉಣ್ಣುತ್ತಿದ್ದೆ.

ಕಾನೂನು ಬೀದಿಯಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಅದು ಹೋದ ಕಡೆಯಲ್ಲೆಲ್ಲ ಸಭೆಯ ಆಸೆಯಿದ್ದ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರು. ಒಲೆ ಹಾಕುವ ಕುಂಬಾರರಿಗೆ ಪುರುಸೊತ್ತಿರಲಿಲ್ಲ. ಆದರೆ ದೊಡ್ಡಮನೆಯಲ್ಲಿ ಒಲೆ ಬೇರೆಯಾಗುವಂತಿರಲಿಲ್ಲ. ಒಲೆ ಒಡೆದರೆ ಗದ್ದೆ, ಮಿಲ್ಲು, ಹಿತ್ತಿಲು ಎಲ್ಲವೂ ಪಾಲಾಗಬೇಕು. ಇಂದುಧರಪ್ಪನವರು ಮಗನಿಗೆ ಕುರ್ಚಿ ಕೊಡಬಲ್ಲವರು, ಪಾಲು ಕೊಡಲಾರರು.

ಕಾನೂನು ದೊಡ್ಡಮನೆಯ ಪಕ್ಕದ ಮನೆಗೆ ಬಂದು ಇಳಿದು ನಾಲ್ಕು ದಿನವಾದ ಮೇಲೆ ಇಂದುಧರಪ್ಪನವರು ಮತ್ತೆ ನಮ್ಮ ಜಗಲಿಗೆ ಬಂದರು. ಈ ಸಲ ನಗುತ್ತಿರಲಿಲ್ಲ.

“ನೋಡು ಪಂಚಾಕ್ಷರಿ, ನನ್ನ ಅವಧಿ ನಾಳೆಗೆ ಮುಗಿಯುತ್ತೆ, ಶಶಿ ಅಧ್ಯಕ್ಷ ಆಗ್ತಾನೆ. ನಾಳೆನೇ ನೀನು ಒಳಗೆ ಬಂದು ಒಂದು ಮಾತು ಹೇಳ್ಬಿಡು. ಕೈ ಎತ್ತೋಕೆ ನಮ್ಮವರಿದ್ದಾರೆ. ನಿನ್ನ ಹೆಂಡತಿ ಮನೆಗೆ ಬರ್ತಾಳೆ, ನನ್ನ ಮಗ ಕುರ್ಚಿಗೆ ಬರ್ತಾನೆ. ಇಬ್ಬರಿಗೂ ಒಳ್ಳೇದು.”

“ದಾಕ್ಷಾಯಿಣಿ ಕುರ್ಚಿ?” ಎಂದೆ.

“ಅದೂ ಇರ್ಲಿ. ಕಾನೂನೇ ಇಲ್ಲ ಅಂದ್ಮೇಲೆ ಮನೇಲಿದ್ಕೊಂಡೇ ಸಭೆಗೆ ಬರ್ಲಿ, ಬೇಡ ಅಂದೋರ್ಯಾರು?”

ತತ್ವಕ್ಕಾಗಿ ನಾನು ರಾತ್ರಿಯೆಲ್ಲ ಒದ್ದಾಡಿದೆನೆಂದು ಹೇಳಿದರೆ ಚೆನ್ನಾಗಿರುತ್ತದೆ. ಇಲ್ಲ, ಚೆನ್ನಾಗಿ ನಿದ್ದೆ ಬಂತು. ಪಂಪು ನೆನಪಿಗೆ ಬರಲಿಲ್ಲ, ನಮ್ಮ ಕಡೆಯ ನಲ್ಲಿಗಳು ನೆನಪಿಗೆ ಬರಲಿಲ್ಲ. ಎದುರುಮನೆಯ ಕೋಣೆಯಿಂದ ಆ ಎರಡು ಪಾತ್ರೆಗಳು ಬೀದಿ ದಾಟಿ ಈ ಕಡೆಗೆ ಬರುವುದಷ್ಟೇ ಕಣ್ಣಿಗೆ ಕಟ್ಟಿತು. ನನಗೆ ನನ್ನ ಹೆಂಡತಿ ಬೇಕಾಗಿದ್ದಳು. ಅಷ್ಟು ಬಿಟ್ಟರೆ ನನ್ನಲ್ಲಿ ಬೇರೆ ಯಾವ ಸಿದ್ಧಾಂತವೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಸಭೆಗೆ ಹೋಗಿ ಮೈಕು ಕಟ್ಟಿ, ಹಾರ್ನನ್ನು ಮಾಳಿಗೆಗೆ ಏರಿಸಿ ಬಂದೆ. ಮಧ್ಯಾಹ್ನ ಇಸ್ತ್ರಿ ಮಾಡಿದ ಪಂಚೆಯುಟ್ಟು ಹೊರಟೆ. ಬಾಗಿಲಲ್ಲಿ ಕಾವಲಿನ ಚೌಡಯ್ಯ ಕೋಲನ್ನು ಅಡ್ಡ ಹಿಡಿದ.

“ಬಿಡಂಗಿಲ್ಲ ಸೋಮಿ.”

“ನಾನು ಕಣೋ, ಪಂಚಾಕ್ಷರಿ!”

“ಗೊತ್ತು ಸೋಮಿ. ಅದ್ಕೇ ಬಿಡಂಗಿಲ್ಲ. ಇವತ್ತು ಬಾಗ್ಲು ಪಾಳಿ ಅಕ್ಕಾವ್ರದು. ನಿಮ್ಮುನ್ನ ಒಳೀಕೆ ಬಿಟ್ರೆ ನಾಳೆಯಿಂದ ನಂಗೆ ಕೆಲ್ಸ ಇಲ್ಲ ಅಂದವ್ರೆ.”

ಸಭೆಯ ಬಾಗಿಲನ್ನು ಸದಸ್ಯರು ದಿನಕ್ಕೊಬ್ಬರಂತೆ ಕಾಯುವ ಪದ್ಧತಿ. ಹೊರಗಿನವರಲ್ಲಿ ಯಾರು ಒಳಗೆ ಬರಬೇಕೆಂದು ಆ ದಿನದ ಪಾಳಿಯವರೇ ಹೇಳಬೇಕು, ಅಧ್ಯಕ್ಷರೂ ಮೀರುವಂತಿಲ್ಲ. ಇಂದುಧರಪ್ಪನವರು ಎಲ್ಲವನ್ನೂ ಗೊತ್ತು ಮಾಡಿದ್ದರು, ಇದೊಂದನ್ನು ನೋಡಿರಲಿಲ್ಲ. ನಾನು ಬಾಗಿಲು ಬಡಿದೆ. “ಹಿಂತೆಗೆದುಕೊಳ್ತೀನಿ! ನಾನು ಹಿಂತೆಗೆದುಕೊಳ್ತೀನಿ!” ಎಂದು ಕೂಗಿದೆ. ಹೊರಗೆ ನಿಂತು ಹೇಳಿದ ಮಾತು ಲೆಕ್ಕಕ್ಕಿಲ್ಲವೆಂದು ಗೊತ್ತಿದ್ದರೂ ಕೂಗಿದೆ. ಬೀದಿಯಲ್ಲಿ ಜನ ಸೇರಿತು. ಪಂಚೆ ಸಡಿಲವಾಗಿತ್ತು. ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಡಿಯುತ್ತಲೇ ಇದ್ದೆ. ನನ್ನ ಸಾರ್ವಜನಿಕ ಸೇವೆಯ ಕೊನೆಯ ಭಾಷಣ ಅದು.

ಆಗ ಮಾಳಿಗೆಯ ಮೇಲಿನ ಹಾರ್ನಿನಲ್ಲಿ ಒಳಗಿನ ಮಾತು ಊರಿಗೆಲ್ಲ ಕೇಳಿಸಿತು.

“ಕೂತ್ಕೊಳೋ ಶಶಿ.”

“ಕೂತೆ ಅಪ್ಪಾಜಿ.”

“ಎಲ್ಲೋ ಕೂತಿದೀಯ? ನಿಂತಿದೀಯಲ್ಲೋ! ಕೂತ್ಕೋ!”

“ಕೂತಿದ್ನಲ್ಲಪ್ಪ...”

ಗುಡ್ಡದ ಕಡೆಯಿಂದ ಬಂದ ಹೆಂಗಸರು ಕೊಡಗಳನ್ನು ಬಡಿಯತೊಡಗಿದರು. ಕಾನೂನು ಕೊನೆಯ ಮನೆಯನ್ನು ಮುಟ್ಟಿತ್ತು. ಕುರ್ಚಿಯ ಜೊತೆಗೆ ಪಂಪಿನ ಕೀಲಿಯೂ ದೊಡ್ಡಮನೆಯ ಕೈಬಿಟ್ಟಿತ್ತು. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು, ಹೆಂಡತಿಯನ್ನೇ ತ್ಯಾಗ ಮಾಡಿದ ಪುಣ್ಯಾತ್ಮ ಎಂದರು. ನಾನು ಅತ್ತೆ. ಅದನ್ನೂ ಆನಂದಬಾಷ್ಪವೆಂದರು.

ಜನ ಚದುರಿದ ಮೇಲೆ ಬಾಗಿಲು ತೆರೆಯಿತು. ದಾಕ್ಷಾಯಿಣಿ ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತಳು. ನಾನು ಅವಳ ಮುಖ ನೋಡಲಿಲ್ಲ.

“ಒಂದು ನಿಮಿಷ ಒಳಗೆ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಬೇಡದೋರೆಲ್ಲ ಬೇಡ ಅಂತ ಕೈ ಕಟ್ಟಿಕೊಂಡು ಕೂರಬಹುದಿತ್ತಲ್ಲ. ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?” ಎಂದೆ. ನನ್ನ ದನಿ ಚಿಕ್ಕ ಹುಡುಗನದಾಗಿತ್ತು.

“ನಿಮ್ಮ ಮೇಲಲ್ಲ” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಒಳಗೆ ಬಂದು, ‘ನನ್ನ ಹೆಂಡತಿ ಮನೆಗೆ ಬರಲಿ’ ಅಂತ ಒಂದು ಮಾತು ಅಂದಿದ್ರೆ, ಎಲ್ಲರಿಗಿಂತ ಮೊದಲು ನನ್ನ ಕೈ ಏಳ್ತಿತ್ತು ರೀ. ಅದಕ್ಕೇ ಬಾಗಿಲು ಹಾಕಿಸ್ದೆ.”

ಅವಳ ಬಲಗೈ ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲಿತ್ತು. ಅದನ್ನು ಹಿಡಿದುಕೊಂಡೆ. ಹೊತ್ತು ಇಳಿದ ಮೇಲೆ ಎದ್ದು, ಇಬ್ಬರೂ ಬೀದಿಯುದ್ದಕ್ಕೂ ಜೊತೆಯಲ್ಲೇ ನಡೆದೆವು. ಗುಡ್ಡದ ಬುಡಕ್ಕೆ ಬಂದಾಗ ಅವಳು ಕೈ ಬಿಡಿಸಿಕೊಂಡು ಆ ಕಡೆಗೆ ತಿರುಗಿದಳು, ನಾನು ಈ ಕಡೆಗೆ ತಿರುಗಿ ಒಲೆ ಹಚ್ಚಿದೆ.